ಪದ ಬೇಕು: ಮರ ಹತ್ತುವವರ ‘ಆಪ್ಷನಲ್’ ಸಾಮಾನಿಗೆ ಕನ್ನಡದಲ್ಲಿ ಏನನ್ನೋಣ?

ಅನುವಾದಕಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ಕಸುಬಾಗಿ ಮರ ಹತ್ತಿ ಕೊಂಬೆ ಸವರುವ ತಂಡವೊಂದರ ಸಾಮಾನು ಕೋಣೆಗೆ ಬೋರ್ಡು, ಜೊತೆಗೆ ಎರಡು ಪುಟದ ಮಾಹಿತಿ ಹಾಳೆ ಕನ್ನಡದಲ್ಲಿ ಆಗಬೇಕು. ಶುಕ್ರವಾರ ಬೋರ್ಡು ಬರೆಯುವವರ ಕೈಗೆ ಕೊಡಬೇಕು.

ಕೋಣೆಯಲ್ಲಿ ಎರಡು ಕಪಾಟಿವೆ. ಮೊದಲನೆಯದರಲ್ಲಿ ಹೆಲ್ಮೆಟ್, ಹಾರ್ನೆಸ್, ಹತ್ತುವ ಹಗ್ಗ, ಸೊಂಟದ ಹಗ್ಗ, ಗಾಯಕ್ಕೆ ಕಟ್ಟುವ ಪಟ್ಟಿಯ ಚೀಲ. ಇವಿಲ್ಲದೆ ಯಾರೂ ನೆಲ ಬಿಡುವ ಹಾಗಿಲ್ಲ. ಅದಕ್ಕೆ ‘ಕಡ್ಡಾಯ’ ಅಂತ ಬರೆದಾಯಿತು. ಎರಡನೆಯ ಕಪಾಟೇ ಕಷ್ಟ. ಅದರಲ್ಲಿರುವುದೆಲ್ಲ ಇಲ್ಲದಿದ್ದರೂ ಕೆಲಸ ನಡೆಯುವ, ಆದರೆ ಇದ್ದರೆ ಮೈಕೈ ನೋವು ಉಳಿಸುವ, ಮರಕ್ಕೂ ಪೆಟ್ಟು ಕಡಿಮೆ ಮಾಡುವ ಸಾಮಾನು: ಥ್ರೋ ಲೈನ್ (ಹಗ್ಗ ಮೇಲೇರಿಸಲು ಮೊದಲು ಕೊಂಬೆಯ ಮೇಲೆ ಎಸೆಯುವ ತೆಳು ದಾರ), ಅದರ ತುದಿಯ ತೂಕದ ಚೀಲ, ಫ್ರಿಕ್ಷನ್ ಸೇವರ್ (ಹಗ್ಗ ತೊಗಟೆಯನ್ನು ಉಜ್ಜದಂತೆ ಕೊಂಬೆಗೆ ಹಾಕುವ ಪಟ್ಟಿ), ಫುಟ್ ಅಸೆಂಡರ್ (ಹತ್ತುವಾಗ ಹಗ್ಗವನ್ನು ಕಚ್ಚಿ ಹಿಡಿಯುವ, ಪಾದಕ್ಕೆ ಕಟ್ಟುವ ಸಾಧನ), ಮೈಕ್ರೋ ಪುಲ್ಲಿ (ಪುಟ್ಟ ರಾಟೆ), ಕಿವಿಗೆ ಹಾಕುವ ರೇಡಿಯೋ. ‘ಐಚ್ಛಿಕ’ ಅಂತ ಬರೆದು ನೋಡಿದೆ. ಪರೀಕ್ಷೆಯ ವಿಷಯದ ಹಾಗೆ ಕೇಳಿಸುತ್ತದೆ, ಅಲ್ವಾ? ‘ಬೇಕಾದರೆ ತಗೋ, ಬೇಡದಿದ್ದರೆ ಬಿಡು’ ಅನ್ನುವ ಉದಾಸೀನವೂ ಅದರಲ್ಲಿದೆ. ಕಪಾಟಿಗೊಂದು ಹೆಸರು, ಮೇಲಿನ ಸಾಮಾನಿಗೆ ಒಂದೊಂದು ಹೆಸರು ಬೇಕು. ದಯವಿಟ್ಟು ಬೇಗ ಹೇಳಿ.

ನುಡಿಗಾರ ಬರೆದದ್ದು:

ಐಚ್ಛಿಕ ಬೇಡವೇ ಬೇಡ. ‘ಒದಗು’ ಅನ್ನುವ ಚೆಂದದ ಬೇರು ನಮ್ಮಲ್ಲೇ ಇದೆ. ಬೇಕಾದ ಹೊತ್ತಿಗೆ ಕೈಗೆ ಬರುವುದು, ಕೆಲಸಕ್ಕೆ ಆಗುವುದು. ಕಪಾಟಿಗೆ ‘ಒದಗುಸಾಮಾನು’ ಅನ್ನಿ. ಥ್ರೋ ಲೈನ್ = ಎಸೆದಾರ. ಫ್ರಿಕ್ಷನ್ ಸೇವರ್ = ಉಜ್ಜುತಡೆ. ಫುಟ್ ಅಸೆಂಡರ್ = ಕಾಲ್ಹಿಡಿ. ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಕ್ಯಾರಬಿನರ್, ಬಂದರೆ ಕೊಕ್ಕೆ. ಹತ್ತು ನಿಮಿಷದ ಕೆಲಸ. ಇಂಗ್ಲಿಷ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದು ‘ಕನ್ನಡದ ಹಾಳೆ’ ಅನ್ನುವ ಚಾಳಿ ನಿಲ್ಲಲಿ.

ವ್ಯಾಕರಣದ ಮೇಷ್ಟ್ರು ಬರೆದದ್ದು:

‘ಎಸೆದಾರ’ ಆಗುವುದಿಲ್ಲ. ಓದುವವನ ಕಣ್ಣಿಗೆ ಅದು ‘ಎಸೆದಾರು’ವಿನ ಪಕ್ಕದ್ದು. ಯಾರೋ ಏನೋ ಎಸೆದಾರು, ಜೋಕೆ, ಅಂದ ಹಾಗಾಯಿತು.

ದಾರವನ್ನು ಮೇಲಕ್ಕೆ ಹೊಡೆಯಲು ಕೋಲಿನ ತುದಿಗೆ ಕಟ್ಟಿದ ದೊಡ್ಡ ರಬ್ಬರಿನ ಸಾಧನ ಇರುತ್ತದಲ್ಲ, ಅದನ್ನೂ ನಿಮ್ಮ ಹಾಳೆಯಲ್ಲಿ ಸೇರಿಸಿ. ಅದಕ್ಕೆ ‘ಕವಣೆ’ ಸಿದ್ಧವಾಗಿಯೇ ಇದೆ. ಗಮನಿಸಿ: ಹಗ್ಗ ಹೋಗಿ ಕೂರಬೇಕಾದದ್ದು ಮರದ ಕವೆಯಲ್ಲಿ. ಕವೆ, ಕವಲು, ಕವಣೆ. ಒಂದೇ ಬೇರಿನಿಂದ ಒಡೆದ ಮೂರು ಕೊಂಬೆ. ಕವಣೆಯಿಂದ ಕವೆಗೆ! ಇದಕ್ಕಿಂತ ಒಪ್ಪುವ ಪದ ಯಾವ ಭಾಷೆಯಲ್ಲಿದೆ?

ಇನ್ನು ಯಾರಾದರೂ ‘ಮರರಕ್ಷಕ ಪಟ್ಟಿ’ ಅಂತ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಕನ್ನಡದ ಪದಕ್ಕೆ ಸಂಸ್ಕೃತದ ಪದ ಬೆಸೆದ ಅರಿಸಮಾಸ.

ಕೋಶಪ್ರಿಯ ಬರೆದದ್ದು:

ಮೇಷ್ಟ್ರೇ, ಕವೆ ಮತ್ತು ಕವಲಿನ ನಂಟು ಒಪ್ಪಿದೆ. ಕವಣೆಯನ್ನು ಅದರ ಜೊತೆ ಕಟ್ಟಲು ಆಧಾರ ಕೊಡಿ. ಕವಣೆ ಅಂದರೆ ಮೊದಲಿಗೆ ಕಲ್ಲಿಟ್ಟು ಗರಗರ ತಿರುಗಿಸಿ ಬೀಸುವ ಹಗ್ಗ. ಅದರಲ್ಲಿ ಕವೆಯೇ ಇಲ್ಲ. ಕವೆಯ ರಬ್ಬರಿನದು ಆಮೇಲೆ ಬಂದದ್ದು. ಸದ್ದು ಹತ್ತಿರ ಅಂದ ಮಾತ್ರಕ್ಕೆ ಬೇರು ಒಂದೇ ಆಗುವುದಿಲ್ಲ.

ಅರಿಸಮಾಸದ ಮಾತಂತೂ ಸಾಕು. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಬಿರುದುಗಳಿಗೆ ವಿನಾಯಿತಿ ಕೊಟ್ಟ. ಗಮಕ ಸಮಾಸ, ಕ್ರಿಯಾಸಮಾಸಗಳಲ್ಲಿ ಆ ದೋಷ ಎಣಿಸುವುದಿಲ್ಲ ಅಂತ ನೀವೇ ಪಾಠ ಮಾಡುತ್ತೀರಿ. ಸಾಮಾನು ಕೋಣೆಯ ಬೋರ್ಡಿಗೆ ಯಾಕೆ ಇಷ್ಟು ಮಡಿ?

ವ್ಯಾಕರಣದ ಮೇಷ್ಟ್ರು ಬರೆದದ್ದು:

ಬೋರ್ಡು ಅಲ್ಲ, ಫಲಕ.

ಮರದ ಮೇಲಿನವ ಬರೆದದ್ದು:

ನಾನು ಈ ಕೆಲಸ ಮಾಡುವವನು. ಈ ಬಳಗದಲ್ಲಿ ಸುಮ್ನೆ ಓದುತ್ತಾ ಇರುತ್ತೇನೆ, ಇವತ್ತು ಬರೆಯಲೇಬೇಕು ಅನ್ನಿಸಿತು.

ಮೊದಲು ‘ಕೊಕ್ಕೆ’. ನುಡಿಗಾರರೇ, ಇದನ್ನು ದಯವಿಟ್ಟು ವಾಪಸ್ ತಗೊಳ್ಳಿ. ಕೊಕ್ಕೆಗೆ ಬಾಯಿ ತೆರೆದಿರುತ್ತದೆ. ಅದಕ್ಕೆ ಏನು ಬೇಕಾದರೂ ತಗುಲಿಹಾಕಬಹುದು, ಅಷ್ಟೇ ಸುಲಭವಾಗಿ ಅದು ಕಳಚಿಕೊಳ್ಳುತ್ತದೆ. ನಾವು ಮೈಭಾರ ಹಾಕುವ ಕ್ಯಾರಬಿನರ್‌ಗೆ ಬಾಗಿಲಿದೆ, ಬಾಗಿಲಿಗೆ ಬೀಗ ಇದೆ. ತೆರೆಯಬೇಕಾದರೆ ಮೂರು ಸಲ ಬೇರೆ ಬೇರೆ ಥರ ಬೆರಳಾಡಿಸಬೇಕು: ಬಾಗಿಲ ಮೇಲಿನ ಕೊಳವೆಯನ್ನು ಎತ್ತಬೇಕು, ತಿರುಗಿಸಬೇಕು, ಆಮೇಲೆ ಬಾಗಿಲನ್ನು ಒಳಕ್ಕೆ ಒತ್ತಬೇಕು. ಹೊಸ ಹುಡುಗನಿಗೆ ‘ಕೊಕ್ಕೆ ಹಾಕು’ ಅಂದರೆ, ಬರೀ ತಗುಲಿಸಿ ಬೀಗ ಕೂತಿತಾ ಅಂತ ನೋಡದೆ ಬಿಡುತ್ತಾನೆ. ಅಷ್ಟಕ್ಕೂ ಕ್ಯಾರಬಿನರ್ ಇಂಗ್ಲಿಷಿನ ಸ್ವಂತದ್ದಲ್ಲ, ಜರ್ಮನ್‌ನಿಂದ ಬಂದದ್ದು. ಸಿಪಾಯಿಗಳು ಕಾರ್ಬೈನ್ ಬಂದೂಕು ನೇತುಹಾಕುತ್ತಿದ್ದ ಕೊಂಡಿಯ ಹೆಸರು. ಅವರೂ ಎರವಲು ತಂದಿದ್ದಾರೆ, ನಾವೂ ತಂದರೆ ಏನೀಗ?

ಎರಡನೆಯದು ‘ಕಾಲ್ಹಿಡಿ’. ‘ಕಾಲ್ಹಿಡಿ ಕೊಡು’ ಅಂತ ಮರದ ಮೇಲಿಂದ ಕೂಗಿದರೆ ಕೆಳಗಿನವನಿಗೆ ‘ಕಾಲು ಹಿಡಿ’ ಅಂತ ಕೇಳುತ್ತದೆ. ಯಾರ ಕಾಲು ಹಿಡಿಯಬೇಕು?

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಇನ್ನೂ ಯಾರೂ ಎತ್ತಿಲ್ಲ. ಹೆಸರುಪದ ಬಿಡಿ. ಮಾಹಿತಿ ಹಾಳೆಯಲ್ಲಿ ಕೂಗಿನ ಮಾತುಗಳು ಏನಿವೆ? ಒಂದು ಸಲ ನಾನು ಕೊಂಬೆಯೊಂದಕ್ಕೆ ಹಗ್ಗ ಬಿಗಿದು, ಅರ್ಧ ಕೊಯ್ದು, ‘ಎಳಿ’ ಅಂತ ಕೂಗಿದೆ. ಕೆಳಗೆ ಹಗ್ಗ ಹಿಡಿದಿದ್ದವನ ಕಿವಿಗೆ ಸದ್ದು ತಡೆಯುವ ಮಫ್ ಇತ್ತು, ಪಕ್ಕದಲ್ಲಿ ಇನ್ನೊಂದು ಗರಗಸದ ಸದ್ದು. ಅವನಿಗೆ ಕೇಳಿದ್ದು ‘ಇಳಿ’. ಇಳಿಸು ಅಂತ ತಿಳಿದು ಹಗ್ಗ ಸಡಿಲ ಬಿಟ್ಟ. ಕೊಂಬೆ ಆ ಕಡೆ ಬೀಳುವ ಬದಲು ನನ್ನ ಕಡೆಗೇ ವಾಲಿತು. ನನಗೆ ಏನೂ ಆಗಲಿಲ್ಲ, ಹೆಲ್ಮೆಟ್ಟಿನ ಜಾಲರಿ ಮುರಿಯಿತು. ಆವತ್ತಿನಿಂದ ನಮ್ಮ ತಂಡದಲ್ಲಿ ‘ಎಳಿ’ ಇಲ್ಲ. ‘ಜಗ್ಗು’ ಇದೆ, ‘ಬಿಡು’ ಇದೆ, ‘ತಡಿ’ ಇದೆ. ಮೂರಕ್ಕೂ ಸದ್ದಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಕಿವಿಯ ರೇಡಿಯೋ ಇದ್ದಾಗಲೂ ಅದೇ ಮಾತು, ಯಾಕಂದರೆ ಬ್ಯಾಟರಿ ಯಾವಾಗ ಮುಗಿಯುತ್ತದೋ ಹೇಳಲಾಗದು.

ನುಡಿಗಾರ ಬರೆದದ್ದು:

ಕೊಕ್ಕೆ ಬೇಡವಾದರೆ ‘ಬೀಗಗೊಕ್ಕೆ’. ಬೀಗ + ಕೊಕ್ಕೆ, ಸಂಧಿಯೂ ಸರಿ, ಬೀಗವೂ ಬಂತು. ಕಾಲ್ಹಿಡಿ ಬಿಟ್ಟೆ. ಆದರೆ ‘ಅವರೂ ಎರವಲು ತಂದಿದ್ದಾರೆ’ ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಒಂದೊಂದು ಕಸುಬಿನವರೂ ಹೀಗೇ ಅನ್ನುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದು ‘ಮಾಡು’, ‘ಆಗು’ ಎರಡೇ. ‘ರೋಪ್ ಫಿಕ್ಸ್ ಮಾಡು, ನಾಟ್ ಟೈಟ್ ಆಯ್ತಾ.’ ಇದು ಯಾವ ಭಾಷೆ? ನಮ್ಮ ಮಕ್ಕಳು ಗಂಟು, ಕುಣಿಕೆ, ಹುರಿ ಅನ್ನುವ ಪದಗಳನ್ನು ಎಲ್ಲಿ ಕೇಳಬೇಕು?

ಕೋಶಪ್ರಿಯ ಬರೆದದ್ದು:

ಗಂಟು, ಕುಣಿಕೆ, ಹುರಿಗೆ ಯಾರ ತಕರಾರೂ ಇಲ್ಲ, ಅವು ಇರಲೇಬೇಕು. ಆದರೆ ‘ಎರವಲು’ ಅಂದ ಕೂಡಲೇ ಮುಖ ಗಂಟಿಕ್ಕುವವರು ಸ್ವಲ್ಪ ಸೊಂಟದ ಒರೆಯಲ್ಲಿರುವ ಗರಗಸ ನೋಡಿ. ಅದು ಕ್ರಕಚದ ತದ್ಭವ. ‘ಸರಂಜಾಮು’ ಪಾರಸಿಯದು. ಕೂತು ಬರೆಯುವ ಕುರ್ಚಿ ಅರಬಿಯದು, ಸಾಮಾನು ಕೋಣೆಯ ಚಾವಿ ಪೋರ್ಚುಗೀಸರದು. ಇವನ್ನೆಲ್ಲ ವಾಪಸ್ ಕೊಟ್ಟು ಬರುತ್ತೀರಾ?

ಇನ್ನು ಭಾರ ಬಿದ್ದಾಗ ಹಗ್ಗವನ್ನು ಬಿಗಿಯಾಗಿ ಹಿಡಿಯುವ ಪ್ರೂಸಿಕ್ ಗಂಟು ಬಂದರೆ ಏನು ಮಾಡುತ್ತೀರಿ? ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ತೋರಿಸಿಕೊಟ್ಟದ್ದು. ಮನುಷ್ಯನ ಹೆಸರನ್ನು ಅನುವಾದಿಸುವ ಹಾಗಿಲ್ಲ.

ನುಡಿಗಾರ ಬರೆದದ್ದು:

ಅದು ಹೆಸರು, ಇರಲಿ. ಕ್ರಕಚ ಗರಗಸ ಆಯಿತಲ್ಲ, ನಾಲಿಗೆಗೆ ಒಗ್ಗಿತಲ್ಲ, ಅದನ್ನೇ ನಾನು ಹೇಳುತ್ತಿರುವುದು. ‘ಫ್ರಿಕ್ಷನ್ ಸೇವರ್’ ಯಾರ ನಾಲಿಗೆಗೆ ಒಗ್ಗಿದೆ?

ಮರದ ಮೇಲಿನವ ಬರೆದದ್ದು:

ಇದಕ್ಕೆ ನಾನು ಉತ್ತರ ಕೊಡಬಲ್ಲೆ. ನಮ್ಮ ತಂಡದಲ್ಲಿ ಅದನ್ನು ಯಾರೂ ಫ್ರಿಕ್ಷನ್ ಸೇವರ್ ಅನ್ನುವುದಿಲ್ಲ, ‘ಜೋಡಿಬಳೆ’ ಅನ್ನುತ್ತಾರೆ. ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಒಂದು ಗಟ್ಟಿ ಪಟ್ಟಿ, ಅದರ ಒಂದು ತುದಿಗೆ ದೊಡ್ಡ ಬಳೆ, ಇನ್ನೊಂದು ತುದಿಗೆ ಸಣ್ಣ ಬಳೆ. ಪಟ್ಟಿಯನ್ನು ಕೊಂಬೆಯ ಮೇಲೆ ಹಾಯಿಸಿ, ಹಗ್ಗವನ್ನು ಎರಡೂ ಬಳೆಯೊಳಗೆ ಪೋಣಿಸುತ್ತೇವೆ. ಹಗ್ಗ ಲೋಹದ ಮೇಲೆ ಜಾರುತ್ತದೆ, ತೊಗಟೆಯನ್ನು ಉಜ್ಜುವುದಿಲ್ಲ. ತೊಗಟೆಯ ಕೆಳಗಿನ ಹಸಿ ಪದರ ಉಳಿಯುತ್ತದೆ, ಹಗ್ಗದ ಆಯುಷ್ಯವೂ ಜಾಸ್ತಿ. ಕೆಲಸ ಮುಗಿದ ಮೇಲೆ ನೆಲದಿಂದಲೇ ಬಿಚ್ಚಬಹುದು. ಹಗ್ಗದ ತುದಿಗೆ ಒಂದು ಗುಂಡು ಹಾಕಿ ದೊಡ್ಡ ಬಳೆಯ ಕಡೆಯಿಂದ ಮೇಲೆ ಕಳಿಸಬೇಕು. ದೊಡ್ಡದರಲ್ಲಿ ನುಸುಳುತ್ತದೆ, ಸಣ್ಣದರಲ್ಲಿ ಸಿಕ್ಕಿಬೀಳುತ್ತದೆ, ಜಗ್ಗಿದರೆ ಪಟ್ಟಿ ಸಮೇತ ಕೆಳಗೆ ಬರುತ್ತದೆ. ಸಣ್ಣ ಬಳೆ ಕಡೆಯಿಂದ ಕಳಿಸಿದರೆ ಮೇಲೆಯೇ ಬಿಗಿದುಕೊಳ್ಳುತ್ತದೆ, ಮತ್ತೆ ಹತ್ತಬೇಕು. ಹಾಗಾಗಿ ‘ದೊಡ್ಡ ಬಳೆ ಯಾವ ಕಡೆ?’ ಅನ್ನುವುದೇ ನಮ್ಮ ದಿನದ ಮಾತು. ‘ಉಜ್ಜುತಡೆ ಯಾವ ಕಡೆ?’ ಅಂದರೆ ಏನೂ ತಿಳಿಯುವುದಿಲ್ಲ.

ಥ್ರೋ ಲೈನ್ ನಮಗೆ ಬರೀ ‘ಹುರಿ’. ಸುಮಾರು 2 ಮಿಲಿಮೀಟರ್ ದಪ್ಪ. ಹತ್ತುವ ಹಗ್ಗ 11ರಿಂದ 13 ಮಿಲಿಮೀಟರ್. ದಪ್ಪದಲ್ಲೇ ವ್ಯತ್ಯಾಸ ಇದೆ, ಹಾಗಾಗಿ ಹುರಿ ಬೇರೆ, ಹಗ್ಗ ಬೇರೆ. ತುದಿಯ ಚೀಲಕ್ಕೆ ‘ಗುಂಡು’ ಅನ್ನುವ ರೂಢಿ ಇದೆ. ಆದರೆ ಜೋಡಿಬಳೆ ಬಿಚ್ಚುವುದಕ್ಕೂ ಗುಂಡೇ ಅನ್ನುತ್ತೇವೆ, ಹಾಳೆಯಲ್ಲಿ ಎರಡಕ್ಕೂ ಬೇರೆ ಹೆಸರು ಇದ್ದರೆ ಒಳ್ಳೇದು.

ಕೋಶಪ್ರಿಯ ಬರೆದದ್ದು:

ಫುಟ್ ಅಸೆಂಡರ್‌ಗೆ ‘ತಳೆ’ ಆಗುವುದಿಲ್ಲವೇ? ಮರ ಹತ್ತುವವರು ಪಾದಕ್ಕೆ ಸಿಕ್ಕಿಸುವ ಬಳ್ಳಿಯ ಹೆಸರು. ಕಟ್ಟು, ಬಂಧನ ಅನ್ನುವ ಅರ್ಥವೂ ಅದಕ್ಕಿದೆ. ಹಳೆಯ ಪದ, ಅದೇ ಕಸುಬಿನದು, ಸಿದ್ಧವಾಗಿ ಕೂತಿದೆ.

ಮರದ ಮೇಲಿನವ ಬರೆದದ್ದು:

ಪದ ನನಗೂ ಇಷ್ಟ. ಆದರೆ ತಳೆ ಕಾಂಡವನ್ನು ಅಪ್ಪುತ್ತದೆ. ಇದು ಹಗ್ಗವನ್ನು ಕಚ್ಚುತ್ತದೆ, ಮೇಲಕ್ಕೆ ಜಾರುತ್ತದೆ, ಕೆಳಕ್ಕೆ ಬರಲು ಬಿಡುವುದಿಲ್ಲ. ಮತ್ತೆ ಇದು ಹತ್ತಲು ಸಹಾಯ ಅಷ್ಟೇ, ಜೀವ ಹಿಡಿಯುವುದು ಬೇರೆ ಸಾಮಾನು. ತಳೆ ಹಾಕಿ ಹತ್ತಿದವರಿಗೆ ತಳೆಯೇ ಆಧಾರ. ಅದೇ ನಂಬಿಕೆ ಇದರ ಮೇಲೂ ಬಂದರೆ ಅಪಾಯ. ಹೊಸ ಸಾಮಾನಿಗೆ ಹೊಸ ಹೆಸರೇ ಇರಲಿ.

ಅನುವಾದಕಿ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಇದನ್ನೇ ಓದುತ್ತಾ ಕೂತಿದ್ದೆ.

ನನ್ನ ತಪ್ಪು ಎಲ್ಲಿತ್ತು ಅಂತ ಈಗ ಗೊತ್ತಾಯಿತು. ಪ್ರತಿಯೊಂದಕ್ಕೂ ಒಂದು ನಾಮಪದ ಬೇಕು ಅಂತ ಹಟ ಹಿಡಿದಿದ್ದೆ. ಕಪಾಟಿನ ಬೋರ್ಡು ಓದುವವನಿಗೆ ಬೇಕಾದದ್ದು ವರ್ಗದ ಹೆಸರು ಅಲ್ಲ, ಏನು ಮಾಡಬೇಕು ಅನ್ನುವ ಮಾತು. ನಮ್ಮ ಭಾಷೆಯಲ್ಲಿ ಆ ಮಾತನ್ನು ಕ್ರಿಯಾಪದ ಎಷ್ಟು ಸಲೀಸಾಗಿ ಹೇಳುತ್ತದೆ! ಹಾಗಾಗಿ ‘ಕಡ್ಡಾಯ’ವನ್ನೂ ತೆಗೆದೆ. ಮೊದಲ ಕಪಾಟಿಗೆ ‘ಇವಿಲ್ಲದೆ ಹತ್ತಬೇಡಿ’. ಎರಡನೆಯದಕ್ಕೆ ‘ಇವಿದ್ದರೆ ಒಳ್ಳೇದು’. ನುಡಿಗಾರರೇ, ‘ಒದಗು’ ಬಿಟ್ಟಿಲ್ಲ. ಹಾಳೆಯ ಮೊದಲ ಸಾಲಿನಲ್ಲೇ ‘ಈ ಸಾಮಾನು ಎಲ್ಲ ಮರಕ್ಕೂ ಬೇಕಾಗದು, ಬೇಕಾದಾಗ ಒದಗುತ್ತದೆ’ ಅಂತ ಬರೆದಿದ್ದೇನೆ. ಅಲ್ಲಿ ಅದು ಚೆನ್ನಾಗಿ ಕೂತಿದೆ.

ಹುರಿ, ಜೋಡಿಬಳೆ ಹಾಗೆಯೇ ಇರುತ್ತವೆ. ಹುರಿಯ ತುದಿಯದು ‘ಎಸೆಯುವ ಚೀಲ’, ಬಿಚ್ಚುವುದು ‘ಗುಂಡು’. ಮೈಕ್ರೋ ಪುಲ್ಲಿಗೆ ‘ಸಣ್ಣ ರಾಟೆ’ ಅಂತ ಬರೆದು, ಹತ್ತುವ ಹಗ್ಗದ ಮೇಲಿನ ಪ್ರೂಸಿಕ್‌ನಂಥ ಗಂಟಿನ ಕೆಳಗೆ ಕೂತು ಸಡಿಲು ಜಗ್ಗಿದಾಗ ಗಂಟನ್ನು ಮೇಲಕ್ಕೆ ನೂಕುತ್ತದೆ, ಒಂದು ಕೈ ಬಿಡುವಾಗುತ್ತದೆ ಅಂತ ಸೇರಿಸಿದೆ. ಕ್ಯಾರಬಿನರ್, ಫುಟ್ ಅಸೆಂಡರ್ ಕನ್ನಡ ಲಿಪಿಯಲ್ಲಿ ಹಾಗೇ ಹೋಗುತ್ತವೆ. ಬೀಗಗೊಕ್ಕೆ ಒಳ್ಳೆಯ ಪದವೇ, ಆದರೆ ಅವಸರದಲ್ಲಿ ಬಾಯಿಗೆ ಬರುವುದು ಕೊನೆಯ ಅರ್ಧ ಮಾತ್ರ. ಆಗ ಮತ್ತೆ ಕೊಕ್ಕೆಯೇ ಆಗುತ್ತದೆ.

‘ಜಗ್ಗು, ಬಿಡು, ತಡಿ’ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬಾಗಿಲ ಮೇಲೆ ಬರೆಸುತ್ತಿದ್ದೇನೆ. ಕೆಳಗೆ ‘ಎಳಿ ಅನ್ನಬೇಡಿ’ ಅಂತಲೂ ಇದೆ. ಬೋರ್ಡಿನವರು ನಾಳೆ ಬೆಳಿಗ್ಗೆ ಬರುತ್ತಾರೆ. ಆಕ್ಷೇಪ ಇದ್ದರೆ ಇವತ್ತು ರಾತ್ರಿಯೊಳಗೆ ಹೇಳಿ.

ವ್ಯಾಕರಣದ ಮೇಷ್ಟ್ರು ಬರೆದದ್ದು:

‘ಒಳ್ಳೇದು’ ಆಡುಮಾತು. ಫಲಕದ ಮೇಲೆ ‘ಒಳ್ಳೆಯದು’ ಇರಲಿ. ಎಳಿ–ಇಳಿ ವಿಷಯಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕವಣೆಯ ಹಳೆಯ ಪ್ರಯೋಗಗಳನ್ನು ಹುಡುಕುತ್ತಿದ್ದೇನೆ, ಸಿಕ್ಕ ಮೇಲೆ ಬೇರೆ ಪತ್ರ ಬರೆಯುತ್ತೇನೆ.