ರಿಲೇಟಿವ್ ಕ್ಲಾಸ್‌ಗೆ (relative clause) ಕನ್ನಡದಲ್ಲಿ ಏನನ್ನೋಣ? (ಸೋಮವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಹೂ (who), ವಿಚ್ (which), ದಟ್ (that), ಹೂಸ್ (whose) ಬಳಸಿ ಎರಡು ವಾಕ್ಯ ಕೂಡಿಸುವ ಪಾಠಕ್ಕೆ ಚಾರ್ಟ್ ಬರೆಸುತ್ತಿದ್ದೇನೆ, ಸೋಮವಾರ ಗೋಡೆಗೇರಬೇಕು. ತಲೆಬರಹ ಕನ್ನಡದಲ್ಲಿರಲಿ ಅಂತ ಆಸೆ. ರಿಲೇಟಿವ್ ಕ್ಲಾಸ್ ಎಂದೇ ಬರೆದರೆ ನಮ್ಮ ಮಕ್ಕಳಿಗೆ ರಿಲೇಟಿವ್ ಅಂದರೆ ನೆಂಟರು, ಕ್ಲಾಸ್ ಅಂದರೆ ತರಗತಿ. ಹಳೆಯ ಗೈಡೊಂದರಲ್ಲಿ ‘ಸಂಬಂಧಸೂಚಕ ಉಪವಾಕ್ಯ’ ಅಂತಿದೆ. ಓದಿಸಿದೆ, ಒಬ್ಬರಿಗೂ ಏನೂ ಹೊಳೆಯಲಿಲ್ಲ. ದಯವಿಟ್ಟು ಒಂದು ಪದ ಕೊಡಿ.

ಮರು:
ವಿಶೇಷಣ ಉಪವಾಕ್ಯ. ನಾಮಪದವನ್ನು ವಿಶೇಷಿಸುವುದೇ ಅದರ ಕೆಲಸ. ಹಿಂದಿ ವ್ಯಾಕರಣದಲ್ಲೂ ಇದೇ ಹೆಸರು. ಹೊಸದು ಕಟ್ಟುವ ಅಗತ್ಯವಿಲ್ಲ.

ಮರು: ಮರು:
ಹಿಂದಿಯಲ್ಲಿದ್ದರೆ ಕನ್ನಡದಲ್ಲೂ ಇರಬೇಕೆ? ಇಂಗ್ಲಿಷಿನ ‘ಹೂ’, ‘ವಿಚ್’ಗಳಂತೆ ಹೆಸರಿಗೆ ವರ್ಣನೆ ಕೂಡಿಸಲು ಹಿಂದಿಗೆ ‘ಜೋ’ ಇದೆ, ಸಂಸ್ಕೃತಕ್ಕೆ ‘ಯಃ’ ಇದೆ. ನಾವು ಆ ಕೆಲಸವನ್ನು ಕ್ರಿಯಾಪದದ ತುದಿಯಲ್ಲೇ ಮುಗಿಸುತ್ತೇವೆ: ಬೊಗಳುವ ನಾಯಿ, ಆಡಿದ ಮಾತು, ಬಾರದ ಮಳೆ. 1856ರಲ್ಲೇ ಭಾಷಾಪಂಡಿತ ಕಾಲ್ಡ್‌ವೆಲ್ ದ್ರಾವಿಡ ನುಡಿಗಳ ಈ ಗುಣವನ್ನು ಗುರುತಿಸಿ ರಿಲೇಟಿವ್ ಪಾರ್ಟಿಸಿಪಲ್ ಎಂದು ಕರೆದಿದ್ದಾನೆ. ನಮ್ಮ ಶಾಲಾ ವ್ಯಾಕರಣಕ್ಕೆ ಅದು ಕೃದಂತನಾಮ. ತಮಿಳಿನಲ್ಲಿ ಪೆಯರೆಚ್ಚಂ, ಮಲಯಾಳದಲ್ಲಿ ಪೇರೆಚ್ಚಂ. ಎಚ್ಚ ಅಂದರೆ ಉಳಿಕೆ. ನಮ್ಮ ‘ಎಂಜಲು’ ಅದೇ ಬೇರಿನದು. ‘ಬೊಗಳುವ’ ಎಂದು ಅಷ್ಟಕ್ಕೇ ನಿಲ್ಲಿಸಿ ನೋಡಿ, ಏನೋ ಉಳಿಯಿತು ಎಂದು ಕಿವಿ ಕಾಯುತ್ತದೆ. ಹೆಸರಿಗಾಗಿ ಕಾಯುವ ಉಳಿಕೆ ಅದು. ‘ಹೆಸರೆಚ್ಚ’ ಎಂದು ಬರೆಸಿ, ಮೇಡಂ. ಬೇರು ನಮ್ಮಲ್ಲೇ ಇರುವಾಗ ‘ವಿಶೇಷಣ’ದ ಸಾಲ ಯಾಕೆ?

ಮರು: ಮರು: ಮರು:
ಹೆಸರೆಚ್ಚ ಚಂದದ ಪದ, ಜಾಗ ಮಾತ್ರ ತಪ್ಪು. ಅದು ಕನ್ನಡದ ‘ಬರೆದ’ಕ್ಕೆ ಹೆಸರಾಗಲಿ. ಮೇಡಂ ಕೇಳಿದ್ದು ಇಂಗ್ಲಿಷಿನದಕ್ಕೆ. ಅಲ್ಲಿರುವುದು ಎಚ್ಚವಲ್ಲ, ಪೂರ್ಣ ಕ್ರಿಯಾಪದವಿರುವ ವಾಕ್ಯ.

ಮಕ್ಕಳು ಎಡವುವುದೂ ಅಲ್ಲೇ. ನಾನು ಬರೆದ ಕಾಗದ, ನಾನು ಬರೆದ ಪೆನ್ನು, ನಾನು ಬರೆದ ದಿನ, ನಾನು ಬರೆದ ಊರು: ನಾಲ್ಕಕ್ಕೂ ಒಂದೇ ‘ಬರೆದ’. ಕಾಗದವನ್ನೋ, ಪೆನ್ನಿನಿಂದಲೋ, ಊರಿನಲ್ಲೋ ಎಂಬ ವಿಭಕ್ತಿಯನ್ನು ನಾವು ಆಡುವುದೇ ಇಲ್ಲ, ಕೇಳುವವನೇ ತುಂಬಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಪೆನ್ನಿಗೆ ‘ವಿತ್’ ಬೇಕು, ದಿನಕ್ಕೆ ‘ವೆನ್’, ಊರಿಗೆ ‘ವೇರ್’ ಬಳಸಬಹುದು. ‘ದಿ ಪೆನ್ ವಿಚ್ ಐ ರೋಟ್’ ಎಂದು ಬರೆದು ‘ವಿತ್’ ಬಿಡುವ ಮಕ್ಕಳನ್ನು ಇಪ್ಪತ್ತು ವರ್ಷದಿಂದ ತಿದ್ದುತ್ತಿದ್ದೇನೆ. ಅದು ದಡ್ಡತನವಲ್ಲ, ಕನ್ನಡ ಚೆನ್ನಾಗಿ ಬರುವುದರ ಗುರುತು. ಜೊತೆಗೆ ನಮ್ಮಲ್ಲಿ ವರ್ಣನೆ ಮೊದಲು, ಹೆಸರು ಆಮೇಲೆ. ಅಲ್ಲಿ ಹೆಸರು ಬಂದ ಮೇಲೆ ವಾಕ್ಯ ಬಂದು ಅಂಟಿಕೊಳ್ಳುತ್ತದೆ. ‘ಹೆಸರಿಗಂಟಿದ ವಾಕ್ಯ’ ಎಂದರೆ ಸಾಕಲ್ಲ?

ಇನ್ನೊಂದು ಮಾತು. ‘ಹೂ’ ಅಂದರೆ ಯಾರು ಎಂದು ಕಲಿತವರಿಗೆ ವಾಕ್ಯದ ನಡುವೆ ‘ಹೂ’ ಕಂಡರೆ ಪ್ರಶ್ನೆಯೇ ಅನ್ನಿಸುತ್ತದೆ. ಮೊದಲು ‘ಯಾರು ದುಡಿಯುತ್ತಾರೋ ಅವರು ಉಣ್ಣುತ್ತಾರೆ’ ಹೇಳಿಸಿ. ಯಾರು ಎಂಬುದು ಪ್ರಶ್ನೆ ಕೇಳದೆಯೂ ಬರುತ್ತದೆ ಎಂದು ತಿಳಿಯುತ್ತದೆ.

ಮರು: ಮರು: ಮರು: ಮರು:
‘ಯಾರೋ – ಅವರು’ ಸಂಸ್ಕೃತದ ಯತ್-ತತ್ (ಯಾವುದೋ – ಅದು) ನೆರಳು. ಅದನ್ನು ಮಾದರಿ ಮಾಡಬೇಡಿ. ‘ವಾಕ್ಯ’ವೂ ಬೇಡ, ಸೊಲ್ಲು ಇದೆ.

ಮರು: ಮರು: ಮರು: ಮರು: ಮರು:
‘ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ’ ಎನ್ನಲು ನಮ್ಮಜ್ಜಿ ಯಾವ ಪಾಠಶಾಲೆಗೂ ಹೋಗಿರಲಿಲ್ಲ. ಎಲ್ಲಿ, ಅಲ್ಲಿ, ಕೊನೆಯ ಓ ಮೂರೂ ಕನ್ನಡದವೇ. ‘ವಾಕ್ಯ’ ಮಕ್ಕಳಿಗೆ ಮೂರನೇ ತರಗತಿಯಿಂದ ಗೊತ್ತು. ಗೊತ್ತಿರುವ ಪದ ಕಿತ್ತು ಗೊತ್ತಿಲ್ಲದ್ದನ್ನು ನೆಟ್ಟರೆ ಶುದ್ಧಿ ಯಾರಿಗೆ ಬಂತು?

ಮರು: ಮರು: ಮರು: ಮರು: ಮರು: ಮರು:
ಎಲ್ಲರಿಗೂ ಧನ್ಯವಾದ. ‘ಹೆಸರಿಗಂಟಿದ ವಾಕ್ಯ’ ಬರೆಸಿದೆ, ಕೆಳಗೆ ಬರೆದ ಕಾಗದ, ಬರೆದ ಪೆನ್ನು, ಬರೆದ ಊರು. ‘ಹೂಸ್’ ಸಾಲೊಂದು ಖಾಲಿ ಇದೆ. ‘ಕಾಲು ಮುರಿದ ಕುರ್ಚಿ’ ಹಾಕಲೇ? ಕುರ್ಚಿಗೆ ‘ಹೂಸ್’ ಬರುತ್ತದೆಯೇ ಅಂತ ಮಕ್ಕಳು ಖಂಡಿತ ಕೇಳುತ್ತಾರೆ.

ಮರು: ಮರು: ಮರು: ಮರು: ಮರು: ಮರು: ಮರು:
ಬರುತ್ತದೆ. ಹಾಕಿ.