4×6 ಪ್ರಿಂಟ್ ಚೂಪಾಗಿದೆ, 12×18 ಮಬ್ಬು. 300 ಡಿಪಿಐ (ಇಂಚಿಗೆ 300 ಚುಕ್ಕೆ) ಇಟ್ಟರೂ ಯಾಕೆ ಹೀಗೆ?

ಬಳಪದಕಲ್ಲು:
ಎಲ್ಲರಿಗೂ ನಮಸ್ಕಾರ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಒಂದು ಫೋಟೋ ತೆಗೆದಿದ್ದೇನೆ. ಕೆಳಗಿನ ಆನೆಗಳ ಸಾಲಿನಿಂದ ಹಿಡಿದು ಮೇಲಿನ ದೊಡ್ಡ ವಿಗ್ರಹಗಳವರೆಗೆ ಎಲ್ಲ ಬಂದಿದೆ. ಇದನ್ನು 12×18 ಇಂಚಿಗೆ ಪ್ರಿಂಟ್ ಹಾಕಿಸಿ ಮನೆಯಲ್ಲಿ ಫ್ರೇಮ್ ಮಾಡಿ ಇಡಬೇಕು ಅಂತ ಆಸೆ. ಕ್ಯಾಮೆರಾ ನಿಕಾನ್ ಡಿ5600. ಇಮೇಜ್ ಸೈಜ್ ಲಾರ್ಜ್, ಕ್ವಾಲಿಟಿ ಫೈನ್.

ಮೊದಲು 4×6 ಹಾಕಿಸಿ ನೋಡಿದೆ. ತುಂಬಾ ಚೆನ್ನಾಗಿ ಬಂತು. ಅದೇ ಫೈಲನ್ನು 12×18ಕ್ಕೆ ಕೊಟ್ಟರೆ ವಿಗ್ರಹಗಳ ಆಭರಣದ ಕೆತ್ತನೆಯೆಲ್ಲ ಒಂದಕ್ಕೊಂದು ಬೆರೆತು ಮಬ್ಬಾಗಿ ಬಂತು. ಲ್ಯಾಬ್‌ನವರು "300 ಡಿಪಿಐ ಮಾಡ್ಕೊಂಡು ಬನ್ನಿ" ಅಂದರು. ಫೋಟೋಶಾಪ್‌ನಲ್ಲಿ ಅಗಲ 18, ಎತ್ತರ 12, ರೆಸಲ್ಯೂಷನ್ 300 ಅಂತ ಹಾಕಿ ಸೇವ್ ಮಾಡಿದೆ. ಈಗ ಫೈಲ್ 5400×3600 ಅಂತ ತೋರಿಸುತ್ತದೆ. ಮತ್ತೆ ಪ್ರಿಂಟ್ ಹಾಕಿಸಿದರೂ ಅದೇ ಮಬ್ಬು. ತೊಂದರೆ ಲೆನ್ಸಿನದ್ದಾ, ಲ್ಯಾಬಿನದ್ದಾ?

ನೆರಳುಬೆಳಕು:
ಚಿಕ್ಕ ಪ್ರಿಂಟ್ ಚೂಪಾಗಿದೆ ಅಂದರೆ ಕೈ ಅಲ್ಲಾಡಿದ್ದು, ಫೋಕಸ್ ತಪ್ಪಿದ್ದು ಅಷ್ಟೇನೂ ಇಲ್ಲ ಅನ್ನಿಸುತ್ತದೆ. ಲೆನ್ಸ್ ಮೇಲೆ ಅನುಮಾನ ಪಡುವ ಮೊದಲು ಎರಡು ವಿಷಯ ಹೇಳಿ. ಫೋಟೋಶಾಪ್‌ಗೆ ಹಾಕುವ ಮುಂಚೆ ಆ ಫೈಲ್ ಎಷ್ಟು ಪಿಕ್ಸೆಲ್ (ಚಿತ್ರದ ಚುಕ್ಕೆ) ಇತ್ತು? ವಿಂಡೋಸ್ ಆದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಅದರೊಳಗೆ ಡೀಟೇಲ್ಸ್, ಅಲ್ಲಿ ಡೈಮೆನ್ಷನ್ಸ್ ನೋಡಿ. ಇನ್ನೊಂದು, ಕ್ಯಾಮೆರಾದಿಂದ ಫೋಟೋ ಕಂಪ್ಯೂಟರ್‌ಗೆ ಬಂದಿದ್ದು ಹೇಗೆ?

ಬಳಪದಕಲ್ಲು:
ನೋಡಿದೆ. 1620×1080 ಅಂತ ಇದೆ. ಕ್ಯಾಮೆರಾದ ಫೋಟೋಗಳು ಸ್ನ್ಯಾಪ್‌ಬ್ರಿಜ್ ಆ್ಯಪ್ ಮೂಲಕ ಫೋನಿಗೆ ಬರುತ್ತವೆ. ಅಲ್ಲಿಂದ ಕೇಬಲ್ ಹಾಕಿ ಕಂಪ್ಯೂಟರ್‌ಗೆ ತಂದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಲ್ಲ.

ನೆರಳುಬೆಳಕು:
ಸಿಕ್ಕಿತು! 1620×1080 ಅಂದರೆ ಸ್ನ್ಯಾಪ್‌ಬ್ರಿಜ್‌ನ 2 ಮೆಗಾಪಿಕ್ಸೆಲ್ ಪ್ರತಿ. ಬ್ಲೂಟೂತ್‌ನಲ್ಲಿ ತಾನಾಗಿ ಫೋನಿಗೆ ಬರುವುದು ಈ ಚಿಕ್ಕ ಪ್ರತಿ ಮಾತ್ರ. ಫೋನಿನ ಪರದೆಯಲ್ಲಿ ನೋಡೋಕೆ, ಬೇರೆಯವರಿಗೆ ಕಳಿಸೋಕೆ ಅದು ಸಾಕು. ನಿಮ್ಮ ಕ್ಯಾಮೆರಾದ ಲಾರ್ಜ್ ಅಂದರೆ 6000×4000. ಆ ಅಸಲಿ ಫೈಲ್ ಮೆಮೊರಿ ಕಾರ್ಡ್‌ನಲ್ಲೇ ಇರುತ್ತದೆ. ಕಾರ್ಡ್ ಫಾರ್ಮ್ಯಾಟ್ ಮಾಡಿಲ್ಲ ಅಲ್ವಾ? ಮಾಡಿಲ್ಲದಿದ್ದರೆ ದಯವಿಟ್ಟು ಈಗಲೇ ಕಾರ್ಡ್ ರೀಡರ್‌ನಲ್ಲಿ ಹಾಕಿ ಕಾಪಿ ಮಾಡಿಕೊಳ್ಳಿ.

ಈಗ ಲೆಕ್ಕ ನೋಡಿ. 1620 ಪಿಕ್ಸೆಲ್ಲನ್ನು 6 ಇಂಚಿಗೆ ಹಂಚಿದರೆ ಇಂಚಿಗೆ 270. ಅದಕ್ಕೇ 4×6 ಚೆನ್ನಾಗಿ ಬಂತು. ಅದೇ 1620ನ್ನು 18 ಇಂಚಿಗೆ ಎಳೆದರೆ ಇಂಚಿಗೆ ಬರೀ 90. ಕೈಯಲ್ಲಿ ಹಿಡಿದು ನೋಡುವ ಪ್ರಿಂಟ್‌ಗೆ ಇದು ಸಾಲದು. ಅದರಲ್ಲೂ ಹೊಯ್ಸಳರ ಕೆತ್ತನೆಯಂಥ ಸೂಕ್ಷ್ಮ ಕೆಲಸಕ್ಕೆ ಖಂಡಿತ ಸಾಲದು.

ನೀವು 300 ಹಾಕಿದಾಗ ಆಗಿದ್ದು ಇಷ್ಟು. ಇಮೇಜ್ ಸೈಜ್ ಕಿಟಕಿಯಲ್ಲಿ ರೀಸ್ಯಾಂಪಲ್ ಅನ್ನೋ ಟಿಕ್ ಆನ್ ಇತ್ತು. ಹಾಗಾಗಿ ಸಾಫ್ಟ್‌ವೇರ್ ಇಲ್ಲದ ಪಿಕ್ಸೆಲ್‌ಗಳನ್ನು ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನ ಮೇಲೆ ತುಂಬಿತು. 5400×3600 ಅಂದರೆ ಸುಮಾರು 1.94 ಕೋಟಿ ಪಿಕ್ಸೆಲ್. ಫೈಲಿನಲ್ಲಿ ಮೊದಲು ಇದ್ದದ್ದು ಸುಮಾರು 17.5 ಲಕ್ಷ. ಹಾಲಿಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ಹಾಲು ಜಾಸ್ತಿ ಆಗುವುದಿಲ್ಲ.

ಬಳಪದಕಲ್ಲು:
ಕಾರ್ಡ್‌ನಲ್ಲಿ ಇದೆ! 6000×4000. ತುಂಬಾ ಥ್ಯಾಂಕ್ಸ್. ಹಾಗಾದರೆ ಲ್ಯಾಬ್‌ನವರು ಹೇಳಿದ 300ಕ್ಕೆ ಏನರ್ಥ? ಈ ಫೈಲನ್ನೂ 300 ಮಾಡಬೇಕಾ?

ಮಸಿಮುದ್ರೆ:
ಈ ಗೊಂದಲ ತುಂಬಾ ಜನರಿಗೆ ಇದೆ. ಲ್ಯಾಬ್‌ನವರೇ ತಪ್ಪಾಗಿ ವಿವರಿಸುವುದರಿಂದ ಇನ್ನೂ ಹೆಚ್ಚಾಗುತ್ತದೆ. ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕ್ಯಾಮೆರಾ ಕೊಡುವುದು ಪಿಕ್ಸೆಲ್ ಮಾತ್ರ. ಅದಕ್ಕೆ ಇಂಚು ಗೊತ್ತಿಲ್ಲ. ಫೈಲಿನ ಎಕ್ಸಿಫ್ ಮಾಹಿತಿಯಲ್ಲಿ (ಫೋಟೋ ಜೊತೆ ಕ್ಯಾಮೆರಾ ಬರೆದಿಡುವ ವಿವರ) 72 ಅಥವಾ 300 ಅಂತ ಕಾಣುವುದು ಒಂದು ಚೀಟಿ ಅಷ್ಟೇ. ರೆಸಲ್ಯೂಷನ್ ಗೊತ್ತಿಲ್ಲದಿದ್ದರೆ 72 ಅಂತ ಬರೆಯಿರಿ ಅಂತ ಎಕ್ಸಿಫ್ ನಿಯಮವೇ ಹೇಳುತ್ತದೆ. ಎಷ್ಟೋ ಫೈಲಿನಲ್ಲಿ 72 ಕಾಣುವುದು ಅದಕ್ಕೆ. 6000×4000 ಫೈಲಿಗೆ 72ರ ಚೀಟಿ ಅಂಟಿಸಿದರೆ 83 ಇಂಚು ಅಗಲ ಅನ್ನುತ್ತದೆ, 300ರದ್ದು ಅಂಟಿಸಿದರೆ 20 ಇಂಚು ಅನ್ನುತ್ತದೆ. ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗುವುದಿಲ್ಲ.

ಚೀಟಿ ಬದಲಿಸಲೇಬೇಕು ಅಂತ ಲ್ಯಾಬ್‌ನವರು ಹಟ ಹಿಡಿದರೆ ಫೋಟೋಶಾಪ್‌ನಲ್ಲಿ ರೀಸ್ಯಾಂಪಲ್ ಟಿಕ್ ತೆಗೆದು 300 ಹಾಕಿ. ಗಿಂಪ್ (ಫೋಟೋ ತಿದ್ದುವ ಇನ್ನೊಂದು ಸಾಫ್ಟ್‌ವೇರ್) ಬಳಸುವವರು ಸ್ಕೇಲ್ ಇಮೇಜ್ ಮುಟ್ಟಬೇಡಿ, ಪ್ರಿಂಟ್ ಸೈಜ್ ಅನ್ನೋದಕ್ಕೆ ಹೋಗಿ. ಟಿಕ್ ತೆಗೆಯದೆ 72ನ್ನು 300 ಮಾಡಿದರೆ ಇದೇ ಫೈಲ್ 25000 ಪಿಕ್ಸೆಲ್ ಅಗಲ ಆಗಿ ಕಂಪ್ಯೂಟರ್ ಒದ್ದಾಡುತ್ತದೆ, ಗುಣಮಟ್ಟ ಏನೂ ಏರುವುದಿಲ್ಲ.

ನಿಮ್ಮ 12×18ಕ್ಕೆ 6000ನ್ನು 18ರಿಂದ ಭಾಗಿಸಿ. ಇಂಚಿಗೆ 333. ಏನೂ ಮಾಡದೆ ಹಾಗೇ ಕೊಡಿ. 12×18 ಮತ್ತು ನಿಮ್ಮ ಕ್ಯಾಮೆರಾ ಎರಡೂ 3:2 ಅನುಪಾತ, ಆದ್ದರಿಂದ ಅಂಚೂ ಕತ್ತರಿಸಿ ಹೋಗುವುದಿಲ್ಲ. 8×10 ಕೇಳಿದ್ದರೆ ಉದ್ದದ ಬದಿಯಲ್ಲಿ ಎರಡು ಕಡೆ ಸ್ವಲ್ಪ ಸ್ವಲ್ಪ ಹೋಗುತ್ತಿತ್ತು.

ಪ್ರಿಂಟರ್ ಡಬ್ಬದ ಮೇಲೆ 5760×1440 ಡಿಪಿಐ ಅಂತ ಬರೆದಿರುವುದು ಬೇರೆಯೇ ಲೆಕ್ಕ. ಅದು ಶಾಯಿಯ ಹನಿಗಳದ್ದು. ಫೋಟೋದ ಒಂದು ಪಿಕ್ಸೆಲ್ ಬಣ್ಣ ಬರಲು ಹಲವು ಹನಿ ಬೇಕು. ಇದನ್ನು ಫೋಟೋದ ಸಂಖ್ಯೆ ಜೊತೆ ಹೋಲಿಸಬೇಡಿ.

ಬಳಪದಕಲ್ಲು:
ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಇನ್ನೊಂದು ಆಸೆ ಹುಟ್ಟಿತು. ಇದೇ ಫೋಟೋ 20×30 ಇಂಚಿಗೆ ಬರುತ್ತದಾ? ಲೆಕ್ಕ ಹಾಕಿದರೆ ಇಂಚಿಗೆ 200 ಬಂತು. ಕಡಿಮೆ ಆಯಿತಾ?

ಮಸಿಮುದ್ರೆ:
ಧೈರ್ಯವಾಗಿ ಹಾಕಿಸಬಹುದು. 300 ಅನ್ನೋದು ಒಂದು ಅಡಿ ದೂರದಿಂದ ನೋಡುವ ಪ್ರಿಂಟ್‌ನ ಲೆಕ್ಕ. ಚೆನ್ನಾಗಿರುವ ಕಣ್ಣು ಎಷ್ಟು ಬಿಡಿಸಿ ನೋಡಬಲ್ಲದು ಅನ್ನೋದು ದೂರದ ಮೇಲಿದೆ. ಸುಮಾರಾಗಿ 3438ನ್ನು ನೋಡುವ ದೂರದ ಇಂಚುಗಳಿಂದ ಭಾಗಿಸಿ, ಇಂಚಿಗೆ ಎಷ್ಟು ಪಿಕ್ಸೆಲ್ ಬೇಕು ಅಂತ ಸಿಗುತ್ತದೆ. 12 ಇಂಚು ದೂರಕ್ಕೆ 286 ಬರುತ್ತದೆ. ಮೂರು ಅಡಿಗೆ ಸುಮಾರು 95 ಸಾಕು. ರಸ್ತೆ ಬದಿಯ ಫ್ಲೆಕ್ಸ್ ದೂರದಿಂದ ಸರಿಯಾಗಿ ಕಾಣುವುದು, ಹತ್ತಿರ ಹೋದರೆ ಚುಕ್ಕೆ ಚುಕ್ಕೆ ಕಾಣುವುದು ಇದಕ್ಕೇ. ಆದರೆ ಕೆತ್ತನೆಯ ಫೋಟೋ ಅಂದರೆ ಜನ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾರೆ. ಹೋಗಲೂಬೇಕು. 90 ಇದ್ದಿದ್ದರೆ ಬೇಡ ಅನ್ನುತ್ತಿದ್ದೆ. 200 ಇದೆ, ಹಾಕಿಸಿ.

ನೆರಳುಬೆಳಕು:
20×30ಕ್ಕೆ ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. 6000×4000 ಫೈಲಿನಲ್ಲಿ ಅತಿ ಸೂಕ್ಷ್ಮ ಕೆತ್ತನೆ ಇರುವ ಜಾಗದಿಂದ 1200×800 ಪಿಕ್ಸೆಲ್ ತುಂಡು ಕ್ರಾಪ್ ಮಾಡಿ. ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಅಸಲಿ ಫೈಲ್ ಹಾಗೇ ಇರಲಿ. ಆ ತುಂಡನ್ನು 4×6 ಪ್ರಿಂಟ್ ಹಾಕಿಸಿ. ಅದು ಕೂಡ ಇಂಚಿಗೆ 200. ದೊಡ್ಡ ಪ್ರಿಂಟ್‌ನ ಆ ಭಾಗ ಹತ್ತಿರದಿಂದ ಎಷ್ಟು ಬಿಡಿಬಿಡಿಯಾಗಿ ಕಾಣುತ್ತದೆ ಅಂತ ಗೊತ್ತಾಗುತ್ತದೆ. ಗೋಡೆಗೆ ಅಂಟಿಸಿ, ನೀವು ನಿಲ್ಲುವ ಜಾಗದಿಂದಲೂ ಒಮ್ಮೆ ನೋಡಿ.

ಬಳಪದಕಲ್ಲು:
ಮಾಡುತ್ತೇನೆ. ಒಂದು ವಿಗ್ರಹದ ಕಿರೀಟದ ಭಾಗ ಕ್ರಾಪ್ ಮಾಡಿ ಇಟ್ಟೆ, ನಾಳೆ ಲ್ಯಾಬಿಗೆ ಕೊಡುತ್ತೇನೆ. 12×18ಕ್ಕೆ ಅಸಲಿ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೇನೆ.