ಅಪ್‌ಡೇಟ್: ನೀವು ಹೇಳಿದ ಕಾದಂಬರಿಗಳನ್ನು ಓದಿದೆ

ಓದುವ ಅಭ್ಯಾಸ ಬಿಟ್ಟುಹೋಗಿದೆ, ತೆಳುವಾದ ಕನ್ನಡ ಕಾದಂಬರಿ ಹೇಳಿ ಎಂದು ಮಳೆಗಾಲದಲ್ಲಿ ಕೇಳಿದ್ದೆ. ಜಾಸ್ತಿ ಜನ ತೇಜಸ್ವಿಯವರ ‘ಕರ್ವಾಲೊ’ (1980) ಅಂದಿರಿ. ಓದಿದೆ. ಕಥೆಯಲ್ಲಿ ಎಲ್ಲರೂ ಹುಡುಕಿ ಹೊರಡುವ ಹಾರುವ ಓತಿಗಿಂತ ನನಗೆ ಇಷ್ಟವಾಗಿದ್ದು ಮಂದಣ್ಣ. ಊರಿನವರಿಗೆ ಅವನು ಪೆದ್ದ. ಅವನ ಕಣ್ಣು ಎಷ್ಟು ಚುರುಕು ಅಂತ ವಿಜ್ಞಾನಿ ಕರ್ವಾಲೊಗೆ ಗೊತ್ತು. ಜೇನಿನ ಭಾಗವನ್ನಂತೂ ತಿರುಗಿ ಓದಿದೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಓಟಕ್ಕೆ ಮುಗಿಯಿತು. ದುಡ್ಡು ಬಂದ ಮೇಲೆ ಮನೆಯವರು ಬದಲಾಗುವ ರೀತಿ ನೋಡಿ ಭಯವಾಯಿತು. ಸಣ್ಣ ಪುಸ್ತಕ ಬೇಕೆನ್ನುವವರು ಇದನ್ನೇ ಮೊದಲು ಹಿಡಿಯಿರಿ.

ಈಗ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನಡೀತಿದೆ. ತೆಳು ಅಲ್ವೇ ಅಲ್ಲ, ಗೊತ್ತು! ಹೆಸರುಗಳು ಗೊಂದಲವಾಗುತ್ತವೆ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗುತ್ತಿಯ ನಾಯಿ ಹುಲಿಯನಿಗೆ ಮುಂದೇನಾಗುತ್ತದೆ ಅಂತ ದಯವಿಟ್ಟು ಯಾರೂ ಹೇಳಬೇಡಿ.